ಅಳಿಸುವ ಮುನ್ನ ಒಮ್ಮೆ ಓದು

ಚಿರಂಜೀವಿ ಪುಟ್ಟಿಗೆ,

ದೊಡ್ಡಮ್ಮ ನಿನ್ನ ಊಟ ತಿಂಡಿಯ ಬಗ್ಗೆ ಪ್ರತಿದಿನ ವಿಚಾರಿಸುತ್ತಾಳೆ, ಅದಕ್ಕೆ ಬೇರೆ ಉತ್ತರ ಬರೆ. ಕೆಲಸಕ್ಕೆ ಸೇರಿದ ಮೇಲೆ ನೀನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ನೋಡಿ ನನಗೆ ತುಂಬ ಸಂತೋಷವಾಯಿತು. ಕಚೇರಿಯಲ್ಲಿ ಬಳಕೆ ತಪ್ಪಿದ ಒಂದು ಸಾಫ್ಟ್‌ವೇರನ್ನು ತೆಗೆದಿದ್ದೀರಿ, ಆದರೆ ಅದರ ಗುರುತುಗಳು ಪ್ರತಿ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಹತ್ತಾರು ಕಡೆ ಉಳಿದುಕೊಂಡಿವೆ. ಲಾಗಿನ್ ಆದಾಗಲೆಲ್ಲ ಯಾವುದೋ ಡಿಎಲ್ಎಲ್ ಸಿಗಲಿಲ್ಲ ಎಂಬ ಪೆಟ್ಟಿಗೆ ಪರದೆಯ ಮೇಲೆ ಬರುತ್ತದೆ, ಜನ ನಿನಗೆ ಫೋನ್ ಮಾಡುತ್ತಾರೆ. ಎಲ್ಲವನ್ನೂ ಒಂದು ಬ್ಯಾಚ್ ಫೈಲಿನಿಂದ ಅಳಿಸುವ ಬಗೆ ಹೇಗೆ ಎಂದು ಕೇಳಿದ್ದೀಯ.

ಅಳಿಸುವ ಆಜ್ಞೆ ಒಂದೇ ಸಾಲಿನದು, ಅದನ್ನು ಕಲಿಯಲು ನಿನಗೆ ಎರಡು ನಿಮಿಷ ಸಾಕು. ಆ ಸಾಲಿನ ಹಿಂದೆ ಮುಂದೆ ಏನಿರಬೇಕು ಎನ್ನುವುದೇ ಈ ಕೆಲಸದ ವಿದ್ಯೆ. ಅದಕ್ಕಾಗಿ ಈ ಕಾಗದ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿಗೆ ತಿರುಗಿಸಿಕೋ.

ಮೊದಲು ನೀನು ಕೈಹಾಕುತ್ತಿರುವ ಜಾಗ ಯಾವುದು ಎಂದು ತಿಳಿ. ಹಿಂದೆ ವಿಂಡೋಸ್ ಪ್ರೋಗ್ರಾಮುಗಳು ತಮ್ಮ ಹೊಂದಿಕೆಗಳನ್ನು ಐಎನ್ಐ ಎಂಬ ಸಾಮಾನ್ಯ ಪಠ್ಯ ಫೈಲುಗಳಲ್ಲಿ ಇಡುತ್ತಿದ್ದವು. ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಫೈಲು, ಎಲ್ಲಕ್ಕೂ ಮೇಲೆ ವಿನ್ ಡಾಟ್ ಐಎನ್ಐ, ಸಿಸ್ಟಮ್ ಡಾಟ್ ಐಎನ್ಐ. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಸಣ್ಣದಾಗಿ ಬಂತು, ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಮು ತೆರೆಯಬೇಕು ಎಂಬಂಥ ಮಾಹಿತಿಯಷ್ಟೇ ಅದರಲ್ಲಿತ್ತು. 1993ರ ವಿಂಡೋಸ್ ಎನ್‌ಟಿ, 1995ರ ವಿಂಡೋಸ್ 95 ಬಂದ ಮೇಲೆ ಇಡೀ ಯಂತ್ರದ ಹೊಂದಿಕೆ ಅಲ್ಲಿಗೆ ಸೇರಿತು. ಇಂದು ಡ್ರೈವರ್, ಸರ್ವೀಸ್, ಪಾಸ್‌ವರ್ಡಿನ ಹ್ಯಾಶ್, ಫಾಂಟು, ಕೀಬೋರ್ಡಿನ ಭಾಷೆ, ಬಳಕೆದಾರರ ಡೆಸ್ಕ್‌ಟಾಪಿನ ಬಣ್ಣ ಎಲ್ಲವೂ ಅದರಲ್ಲಿವೆ. ನೀನು ಕನ್ನಡ ಕೀಬೋರ್ಡ್ ಸೇರಿಸಿಕೊಂಡಾಗ ರಿಜಿಸ್ಟ್ರಿಯಲ್ಲಿ ನಿನಗೆ ಸೇರಿದ ಎಚ್‌ಕೆಸಿಯು ಎಂಬ ಬೇರಿನ ಕೆಳಗೆ, ಕೀಬೋರ್ಡ್ ಲೇಔಟ್ ಎಂಬ ಕೀಯ ಪ್ರೀಲೋಡ್‌ನಲ್ಲಿ, ಕನ್ನಡದ ಸಂಕೇತವಾದ 044ಬಿ ಬಂದು ಕೂರುತ್ತದೆ. ಒಮ್ಮೆ ತೆರೆದು ನೋಡು, ಜಾಗದ ಪರಿಚಯವಾಗುತ್ತದೆ.

ರಿಜಿಸ್ಟ್ರಿಯನ್ನು ನೋಡಿ ತಿದ್ದುವ ರೆಜ್‌ಎಡಿಟ್ ತೆರೆದಾಗ ಐದು ಬೇರುಗಳು ಕಾಣುತ್ತವೆ. ಅವುಗಳ ಕೆಳಗೆ ಫೋಲ್ಡರಿನಂತೆ ಇರುವುದು ಕೀ, ಕೀಯೊಳಗಿನ ಒಂದೊಂದು ನಮೂದು ವ್ಯಾಲ್ಯೂ. ನಿನ್ನ ಕೆಲಸಕ್ಕೆ ಮುಖ್ಯವಾದವು ಎರಡು. ಎಚ್‌ಕೆಎಲ್ಎಂ ಇಡೀ ಯಂತ್ರಕ್ಕೆ ಸೇರಿದ್ದು, ಎಚ್‌ಕೆಸಿಯು ಈಗ ಲಾಗಿನ್ ಆಗಿರುವ ವ್ಯಕ್ತಿಗೆ ಸೇರಿದ್ದು. ಡಿಸ್ಕಿನಲ್ಲಿ ಇವು ಹೈವ್ ಎಂದು ಕರೆಯುವ ಫೈಲುಗಳಾಗಿ ಇರುತ್ತವೆ. ಯಂತ್ರದ ಹೈವ್‌ಗಳು ವಿಂಡೋಸಿನ ಸಿಸ್ಟಮ್32 ಫೋಲ್ಡರಿನ ಕಾನ್ಫಿಗ್ ಒಳಗೆ, ವ್ಯಕ್ತಿಯ ಹೈವ್ ಆಕೆಯ ಪ್ರೊಫೈಲಿನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಹೆಸರಿನಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಈ ಜಾಗದಲ್ಲಿ ರೀಸೈಕಲ್ ಬಿನ್ ಇಲ್ಲ. ರೆಜ್‌ಎಡಿಟ್‌ನಲ್ಲಿ ಅನ್‌ಡೂ ಕೂಡ ಇಲ್ಲ. ಅಳಿಸಿದ್ದು ಆ ಕ್ಷಣವೇ ಹೋಗುತ್ತದೆ. ಹಿಂದೆ ವಿಂಡೋಸ್ ತಾನಾಗಿಯೇ ಹೈವ್‌ಗಳ ಪ್ರತಿಯೊಂದನ್ನು ರೆಜ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ಇಡುತ್ತಿತ್ತು. 2018ರ ವಿಂಡೋಸ್ 10, 1803 ಆವೃತ್ತಿಯಿಂದ ಅದನ್ನೂ ಮೈಕ್ರೋಸಾಫ್ಟ್ ನಿಲ್ಲಿಸಿದೆ. ಈಗ ಆ ಫೋಲ್ಡರ್ ನೋಡಿದರೆ ಫೈಲುಗಳ ಹೆಸರಿರುತ್ತದೆ, ಗಾತ್ರ ಸೊನ್ನೆ. ಸಿಸ್ಟಮ್ ರಿಸ್ಟೋರ್ ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಇರುತ್ತದೆ. ಆದ್ದರಿಂದ ಹಿಂದಕ್ಕೆ ತರುವ ದಾರಿಯನ್ನು ನೀನೇ ಮಾಡಿಟ್ಟುಕೊಂಡು ಹೊರಡಬೇಕು.

ಈಗ ಆಜ್ಞೆಗೆ ಬರೋಣ. ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ರೆಗ್ ಎಂಬ ಆಜ್ಞೆ ಎಲ್ಲ ಯಂತ್ರಗಳಲ್ಲೂ ಇದೆ. ರೆಗ್ ಕ್ವೆರಿ ನೋಡುವುದಕ್ಕೆ, ರೆಗ್ ಎಕ್ಸ್‌ಪೋರ್ಟ್ ಪ್ರತಿ ತೆಗೆಯುವುದಕ್ಕೆ, ರೆಗ್ ಡಿಲೀಟ್ ಅಳಿಸುವುದಕ್ಕೆ. ಈ ಮೂರನ್ನೂ ಇದೇ ಕ್ರಮದಲ್ಲಿ ಬಳಸು, ಕ್ರಮ ತಪ್ಪಿಸಬೇಡ.

ರೆಗ್ ಡಿಲೀಟ್‌ನ ನಾಲ್ಕು ರೂಪಗಳ ವ್ಯತ್ಯಾಸ ನಿನಗೆ ನಿದ್ದೆಯಲ್ಲೂ ಗೊತ್ತಿರಬೇಕು. ಕೀಯ ದಾರಿ ಬರೆದು ಸ್ಲ್ಯಾಶ್ ವಿ ಹಾಕಿ ಒಂದು ಹೆಸರು ಕೊಟ್ಟರೆ ಆ ಒಂದು ವ್ಯಾಲ್ಯೂ ಮಾತ್ರ ಹೋಗುತ್ತದೆ. ಸ್ಲ್ಯಾಶ್ ವಿಇ ಹಾಕಿದರೆ ಡೀಫಾಲ್ಟ್ ವ್ಯಾಲ್ಯೂ ಹೋಗುತ್ತದೆ. ಸ್ಲ್ಯಾಶ್ ವಿಎ ಹಾಕಿದರೆ ಆ ಕೀಯ ಎಲ್ಲ ವ್ಯಾಲ್ಯೂಗಳೂ ಹೋಗುತ್ತವೆ, ಒಳಗಿನ ಸಬ್‌ಕೀಗಳು ಉಳಿಯುತ್ತವೆ. ಈ ಮೂರರಲ್ಲಿ ಯಾವುದನ್ನೂ ಹಾಕದಿದ್ದರೆ ಆ ಕೀಯೂ ಅದರೊಳಗಿನ ಸಮಸ್ತವೂ ಹೋಗುತ್ತದೆ. ಅಂದರೆ ಕಡಿಮೆ ಟೈಪ್ ಮಾಡಿದಷ್ಟೂ ಹೆಚ್ಚು ಅಳಿಯುತ್ತದೆ. ನಿನ್ನ ಎರರ್ ಪೆಟ್ಟಿಗೆಗೆ ಕಾರಣ ಬಹುಮಟ್ಟಿಗೆ ಕರೆಂಟ್‌ವರ್ಶನ್‌ನ ಕೆಳಗಿರುವ ರನ್ ಎಂಬ ಕೀಯಲ್ಲಿ ಉಳಿದ ಒಂದು ವ್ಯಾಲ್ಯೂ. ಅಲ್ಲಿ ಸ್ಲ್ಯಾಶ್ ವಿ ಮರೆತರೆ ಇಡೀ ರನ್ ಕೀ ಹೋಗುತ್ತದೆ, ಲಾಗಿನ್ ಆದಾಗ ತಾನಾಗಿ ಶುರುವಾಗಬೇಕಾದ ಬೇರೆಯವರ ಪ್ರೋಗ್ರಾಮುಗಳೂ ಅದರ ಜೊತೆಗೆ ಹೋಗುತ್ತವೆ. ಕೊನೆಯಲ್ಲಿ ಬರುವ ಸ್ಲ್ಯಾಶ್ ಎಫ್ ಎಂದರೆ ನನ್ನನ್ನು ಕೇಳಬೇಡ, ಅಳಿಸು ಎಂದು. ಬ್ಯಾಚ್ ಫೈಲಿನಲ್ಲಿ ಅದು ಅನಿವಾರ್ಯ, ಇಲ್ಲದಿದ್ದರೆ ಪ್ರತಿ ಸಾಲಿಗೂ ಹೌದೋ ಅಲ್ಲವೋ ಎಂದು ಕೇಳುತ್ತ ನಿಲ್ಲುತ್ತದೆ. ಆದರೆ ಇದೇ ಸ್ಲ್ಯಾಶ್ ಎಫ್‌ಗೆ ರೆಗ್ ಕ್ವೆರಿಯಲ್ಲಿ ಹುಡುಕು ಎಂಬ ಅರ್ಥ. ಕ್ವೆರಿಯ ಸಾಲನ್ನು ಕಾಪಿ ಮಾಡಿ ಡಿಲೀಟ್ ಎಂದು ತಿದ್ದುವ ಅಭ್ಯಾಸ ಬೇಡ.

ಇನ್ನು ಹಲವು ನಮೂದುಗಳ ವಿಷಯ. ಸ್ಕ್ರಿಪ್ಟಿನಲ್ಲಿ ಇಪ್ಪತ್ತು ಡಿಲೀಟ್ ಸಾಲು ಬರೆಯುವ ಬದಲು, ಅಳಿಸಬೇಕಾದ ಕೀಗಳ ಪಟ್ಟಿಯನ್ನು ಬೇರೆ ಪಠ್ಯ ಫೈಲಿನಲ್ಲಿಡು, ಸಾಲಿಗೊಂದು. ಬ್ಯಾಚ್ ಫೈಲು ಫಾರ್ ಸ್ಲ್ಯಾಶ್ ಎಫ್ ಲೂಪಿನಿಂದ ಆ ಪಟ್ಟಿಯನ್ನು ಓದಲಿ. ಆಗ ನಿನ್ನ ಮೇಲಧಿಕಾರಿ ಸ್ಕ್ರಿಪ್ಟ್ ಓದಲು ಬಾರದಿದ್ದರೂ ಪಟ್ಟಿಯನ್ನು ಓದಬಲ್ಲರು. ವ್ಯಾಲ್ಯೂಗಳಿಗೆ ಇನ್ನೊಂದು ಪಟ್ಟಿ ಮಾಡು, ಒಂದೇ ಸಾಲಿನಲ್ಲಿ ಕೀಯ ದಾರಿ, ನಡುವೆ ಪೈಪ್ ಚಿಹ್ನೆ, ಆಮೇಲೆ ವ್ಯಾಲ್ಯೂವಿನ ಹೆಸರು. ಎರಡನೆಯ ಭಾಗ ಖಾಲಿಯಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗು ಎಂಬ ಒಂದು ಇಫ್ ತಪ್ಪದೆ ಹಾಕು.

ಈ ಲೂಪಿನಲ್ಲಿ ಒಂದು ಕಡೆ ನೀನು ವಿಶೇಷ ಎಚ್ಚರ ವಹಿಸಬೇಕು, ಇದನ್ನು ನಿಧಾನವಾಗಿ ಓದು. ಫಾರ್ ಸ್ಲ್ಯಾಶ್ ಎಫ್ ತಾನಾಗಿ ಬಿಟ್ಟರೆ ಪ್ರತಿ ಸಾಲನ್ನೂ ಖಾಲಿ ಜಾಗ ಬಂದಲ್ಲಿ ಕತ್ತರಿಸಿ ಮೊದಲ ತುಂಡನ್ನು ಮಾತ್ರ ಕೊಡುತ್ತದೆ. ವಿಂಡೋಸಿನಲ್ಲಿ ಫಾಂಟುಗಳ ನೋಂದಣಿ ಇರುವ ದಾರಿ ಹೀಗಿದೆ:

ಎಚ್‌ಕೆಎಲ್ಎಂ\ಸಾಫ್ಟ್‌ವೇರ್\ಮೈಕ್ರೋಸಾಫ್ಟ್\ವಿಂಡೋಸ್ ಎನ್‌ಟಿ\ಕರೆಂಟ್‌ವರ್ಶನ್\ಫಾಂಟ್ಸ್

ನಮ್ಮ ಕನ್ನಡದ ತುಂಗಾ ಫಾಂಟು, ಈಗಿನ ನಿರ್ಮಲಾ ಯುಐ ಇವೆಲ್ಲ ಅಲ್ಲಿಯೇ ನಮೂದಾಗುತ್ತವೆ. ಈ ದಾರಿಯಲ್ಲಿ ವಿಂಡೋಸ್ ಮತ್ತು ಎನ್‌ಟಿ ಎಂಬ ಪದಗಳ ನಡುವೆ ಒಂದು ಖಾಲಿ ಜಾಗವಿದೆ ನೋಡು. ನಿನ್ನ ಪಟ್ಟಿಯಲ್ಲಿ ವಿಂಡೋಸ್ ಎನ್‌ಟಿಯ ಕೆಳಗಿನ ಯಾವುದೋ ಒಂದು ಸಣ್ಣ ಕೀ ಇದ್ದು, ಲೂಪು ಆ ಜಾಗದಲ್ಲಿ ಕತ್ತರಿಸಿದರೆ, ರೆಗ್ ಡಿಲೀಟ್‌ಗೆ ಸಿಗುವುದು ಮೈಕ್ರೋಸಾಫ್ಟ್\ವಿಂಡೋಸ್ ಎಂಬಲ್ಲಿಗೆ ನಿಂತ ದಾರಿ. ಅದು ನಿಜವಾಗಿಯೂ ಇರುವ ಕೀ, ಯಂತ್ರದ ಜೀವಾಳವೆಲ್ಲ ಅದರೊಳಗಿದೆ. ಡಿಲೀಟ್‌ಗೆ ಸ್ಲ್ಯಾಶ್ ಎಫ್ ಹಾಕಿರುವುದರಿಂದ ಯಾರೂ ಕೇಳುವುದಿಲ್ಲ. ಇದನ್ನು ತಡೆಯಲು ಕೀಗಳ ಪಟ್ಟಿಯನ್ನು ಓದುವ ಲೂಪಿನ ಆಯ್ಕೆಗಳಲ್ಲಿ ಡೆಲಿಮ್ಸ್ ಎಂದು ಬರೆದು ಸಮ ಚಿಹ್ನೆ ಹಾಕಿ ಅದರ ಮುಂದೆ ಏನನ್ನೂ ಬರೆಯಬೇಡ. ಆಗ ಎಲ್ಲಿಯೂ ಕತ್ತರಿಸದೆ ಇಡೀ ಸಾಲು ಬರುತ್ತದೆ. ರೆಗ್ ಡಿಲೀಟ್‌ಗೆ ಕೊಡುವಾಗಲೂ ದಾರಿಯ ಎರಡು ತುದಿಗೆ ಡಬಲ್ ಕೋಟ್ ಇರಲಿ. ಇಷ್ಟು ಸಣ್ಣ ಅಕ್ಷರಗಳ ಮೇಲೆ ಒಂದು ಕಚೇರಿಯ ಕಂಪ್ಯೂಟರುಗಳು ನಿಂತಿವೆ ಮಗಳೇ.

ಇನ್ನೆರಡು ಸಣ್ಣ ಸಂಗತಿಗಳು. ಕಮಾಂಡ್ ಪ್ರಾಂಪ್ಟಿನಲ್ಲಿ ಲೂಪಿನ ಅಕ್ಷರಕ್ಕೆ ಒಂದು ಪರ್ಸೆಂಟ್ ಚಿಹ್ನೆ ಸಾಕು, ಬ್ಯಾಚ್ ಫೈಲಿನೊಳಗೆ ಎರಡು ಬೇಕು. ಪಟ್ಟಿಯಲ್ಲಿ ಅರ್ಧವಿರಾಮದಿಂದ ಶುರುವಾಗುವ ಸಾಲನ್ನು ಲೂಪು ಓದುವುದಿಲ್ಲ. ಇದು ನಿನಗೆ ಅನುಕೂಲವೇ: ಯಾವ ಕೀಯನ್ನು ಯಾಕೆ ಅಳಿಸುತ್ತಿದ್ದೀಯ ಎಂದು ಅದರ ಮೇಲಿನ ಸಾಲಿನಲ್ಲಿ ಅರ್ಧವಿರಾಮ ಹಾಕಿ ಬರೆದಿಡು.

ಪಟ್ಟಿ ತಯಾರಾಗುವುದು ಹೇಗೆ? ರೆಗ್ ಕ್ವೆರಿಗೆ ಸ್ಲ್ಯಾಶ್ ಎಸ್ ಸ್ಲ್ಯಾಶ್ ಎಫ್ ಕೊಟ್ಟು ಆ ಸಾಫ್ಟ್‌ವೇರಿನ ಹೆಸರು ಹಾಕಿದರೆ ಅದು ಇರುವ ಕಡೆಗಳೆಲ್ಲ ಸಿಗುತ್ತವೆ. ಆ ಫಲಿತಾಂಶವನ್ನು ನೇರವಾಗಿ ಡಿಲೀಟ್‌ಗೆ ಜೋಡಿಸಿಬಿಡೋಣ ಅನ್ನಿಸುತ್ತದೆ, ದಯವಿಟ್ಟು ಮಾಡಬೇಡ. ಹುಡುಕಾಟ ಹೆಸರಿನ ತುಣುಕನ್ನೂ ಹಿಡಿಯುತ್ತದೆ. ಬೇರೆ ಪ್ರೋಗ್ರಾಮಿನ ಹೆಸರಿನೊಳಗೆ ಅದೇ ಅಕ್ಷರಗಳಿರಬಹುದು, ಯಾರೋ ತೆರೆದ ಫೈಲಿನ ಹೆಸರಿನಲ್ಲಿ ಇರಬಹುದು. ಭತ್ತದ ಗದ್ದೆಯಲ್ಲಿ ಕಳೆಯೂ ಪೈರಿನಂತೆಯೇ ಇರುತ್ತದೆ, ಕೈಪಳಗಿದ ಹೆಂಗಸರು ಬುಡ ನೋಡಿಯೇ ಕೀಳುತ್ತಾರೆ. ನೀನೂ ಸಿಕ್ಕಿದ ಪ್ರತಿ ಸಾಲನ್ನು ರೆಜ್‌ಎಡಿಟ್‌ನಲ್ಲಿ ತೆರೆದು, ಅದರೊಳಗೇನಿದೆ ಎಂದು ಓದಿ, ಆಮೇಲೆ ಪಟ್ಟಿಗೆ ಸೇರಿಸು. ಹುಡುಕುವುದನ್ನು ಯಂತ್ರ ಮಾಡಲಿ, ತೀರ್ಮಾನ ನಿನ್ನದಾಗಿರಲಿ.

ಅಳಿಸುವ ಸಾಲನ್ನು ಒಂಟಿಯಾಗಿ ಬಿಡಬೇಡ. ಮೊದಲು ರೆಗ್ ಎಕ್ಸ್‌ಪೋರ್ಟ್, ಅದರ ಮುಂದೆ ಎರಡು ಆಂಪರ್ಸಂಡ್ ಚಿಹ್ನೆ, ಆಮೇಲೆ ರೆಗ್ ಡಿಲೀಟ್. ಹೀಗೆ ಬರೆದರೆ ಪ್ರತಿ ತೆಗೆಯುವುದು ಯಶಸ್ವಿಯಾದರೆ ಮಾತ್ರ ಅಳಿಸುವ ಕೆಲಸ ನಡೆಯುತ್ತದೆ. ಡಿಸ್ಕ್ ತುಂಬಿದ್ದರೆ, ಫೋಲ್ಡರ್ ಇಲ್ಲದಿದ್ದರೆ, ಕೀಯ ಹೆಸರೇ ತಪ್ಪಿದ್ದರೆ ಸ್ಕ್ರಿಪ್ಟು ಆ ಕೀಯನ್ನು ಅಳಿಸದೆ ಮುಂದಿನದಕ್ಕೆ ಹೋಗುತ್ತದೆ. ಪ್ರತಿ ಕೀಗೂ ಬೇರೆ ಫೈಲಿನ ಹೆಸರು ಬರುವಂತೆ ಒಂದು ಎಣಿಕೆಯನ್ನು ಹೆಚ್ಚಿಸುತ್ತ ಹೋಗು, ಕಂಪ್ಯೂಟರ್‌ನೇಮ್ ವೇರಿಯಬಲ್ ಬಳಸಿ ಯಂತ್ರಕ್ಕೊಂದು ಫೋಲ್ಡರ್ ಮಾಡು. ಇಲ್ಲದಿದ್ದರೆ ಕೊನೆಯ ಪ್ರತಿ ಮೊದಲಿನದನ್ನೆಲ್ಲ ತಿಂದುಬಿಡುತ್ತದೆ.

ಆ ಪ್ರತಿಯ ಮಿತಿಯೂ ಗೊತ್ತಿರಲಿ. ಡಾಟ್ ರೆಗ್ ಫೈಲನ್ನು ಇಂಪೋರ್ಟ್ ಮಾಡಿದರೆ ಅಳಿಸಿದ್ದು ಮರಳಿ ಬರುತ್ತದೆ, ನಡುವೆ ಹೊಸದಾಗಿ ಸೇರಿದ್ದು ಹೋಗುವುದಿಲ್ಲ. ಅದು ಬೆರೆಸುತ್ತದೆಯೇ ಹೊರತು ಹಿಂದಿನ ಸ್ಥಿತಿಗೆ ಒಯ್ಯುವುದಿಲ್ಲ. ಕೀಯ ಮೇಲೆ ಯಾರಿಗೆ ಯಾವ ಅನುಮತಿ ಇತ್ತು ಎಂಬುದನ್ನೂ ಅದು ಉಳಿಸಿಕೊಳ್ಳುವುದಿಲ್ಲ. ಇನ್ನೊಂದು ವಿಷಯ: ಡಾಟ್ ರೆಗ್ ಫೈಲಿನಲ್ಲಿ ಚೌಕ ಕಂಸದೊಳಗೆ ಕೀಯ ಹೆಸರಿಗಿಂತ ಮೊದಲು ಒಂದು ಮೈನಸ್ ಚಿಹ್ನೆ ಹಾಕಿದರೆ ಅದು ಆ ಕೀಯನ್ನು ಅಳಿಸುವ ಫೈಲಾಗುತ್ತದೆ. ಇದೂ ಹಲವು ಕೀಗಳನ್ನು ಅಳಿಸುವ ಒಂದು ಕ್ರಮವೇ. ಆದರೆ ಅದರಲ್ಲಿ ನೋಡು, ಪ್ರತಿ ತೆಗೆ, ಆಮೇಲೆ ಅಳಿಸು ಎಂದು ಹೇಳಲು ಬರುವುದಿಲ್ಲ. ಅದಕ್ಕೇ ನಿನಗೆ ಬ್ಯಾಚ್ ಫೈಲು ಒಳ್ಳೆಯದು ಎನ್ನುತ್ತೇನೆ.

ಸ್ಕ್ರಿಪ್ಟನ್ನು ಮೊದಲ ಸಲ ಓಡಿಸುವಾಗ ರೆಗ್ ಡಿಲೀಟ್‌ಗಿಂತ ಮೊದಲು ಎಕೋ ಎಂದು ಸೇರಿಸು. ಏನನ್ನೂ ಅಳಿಸದೆ, ಯಾವ ಸಾಲು ಓಡಲಿತ್ತು ಎಂಬುದನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಖಾಲಿ ಜಾಗದಲ್ಲಿ ಕತ್ತರಿಸಿದ ದಾರಿ, ಖಾಲಿ ವೇರಿಯಬಲ್, ತಪ್ಪಿದ ಕೋಟ್ ಎಲ್ಲ ಆಗಲೇ ಕಣ್ಣಿಗೆ ಬೀಳುತ್ತವೆ. 2006ರಲ್ಲಿ ಬಂದ ಪವರ್‌ಶೆಲ್‌ನಲ್ಲಿ ಇದಕ್ಕಾಗಿಯೇ ವಾಟ್‌ಇಫ್ ಎಂಬ ಆಯ್ಕೆ ಇದೆ. ನಿಧಾನವಾಗಿ ಅದನ್ನೂ ಕಲಿ. ಬ್ಯಾಚ್‌ನಲ್ಲಿ ಎಕೋವೇ ನಮಗೆ ಆಸರೆ.

ಯಾರ ಹೆಸರಿನಲ್ಲಿ ಓಡಿಸುತ್ತಿದ್ದೀಯ ಎಂಬುದನ್ನೂ ನೋಡಿಕೋ. ಎಚ್‌ಕೆಎಲ್ಎಂ ಮುಟ್ಟಲು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್ ಬೇಕು. ಆದರೆ ಲೆಕ್ಕಪತ್ರ ವಿಭಾಗದ ಮೇಡಂ ಕಂಪ್ಯೂಟರಿನಲ್ಲಿ ನೀನು ನಿನ್ನ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಸ್ಕ್ರಿಪ್ಟ್ ಓಡಿಸಿದರೆ, ಅದರೊಳಗಿನ ಎಚ್‌ಕೆಸಿಯು ಎಂದರೆ ನಿನ್ನದೇ ಹೈವ್, ಅವರದ್ದಲ್ಲ. ಸ್ಕ್ರಿಪ್ಟು ಸರಿಯಾಗಿ ಮುಗಿಯಿತು ಎನ್ನುತ್ತದೆ, ಅವರ ಎರರ್ ಪೆಟ್ಟಿಗೆ ಮಾರನೆಯ ದಿನವೂ ಬರುತ್ತದೆ. ಬಳಕೆದಾರರ ನಮೂದುಗಳನ್ನು ಅವರವರ ಲಾಗಿನ್ನಿನಲ್ಲೇ ಓಡುವ ಸ್ಕ್ರಿಪ್ಟಿಗೆ ಬಿಡು. ಅಥವಾ ಅವರು ಲಾಗಿನ್ ಆಗಿಲ್ಲದಾಗ, ನಾನು ಮೇಲೆ ಹೇಳಿದ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅನ್ನು ರೆಗ್ ಲೋಡ್‌ನಿಂದ ಬಳಕೆದಾರರ ಹೈವ್‌ಗಳಿರುವ ಎಚ್‌ಕೆಯು ಎಂಬ ಬೇರಿನ ಕೆಳಗೆ ತಾತ್ಕಾಲಿಕ ಹೆಸರಿನಲ್ಲಿ ತೆರೆದು, ಕೆಲಸ ಮುಗಿಸಿ, ರೆಗ್ ಅನ್‌ಲೋಡ್ ಮಾಡು. ಅನ್‌ಲೋಡ್ ಮರೆತರೆ ಅವರ ಮುಂದಿನ ಲಾಗಿನ್ನಿಗೆ ತೊಂದರೆಯಾಗುತ್ತದೆ.

64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಪ್ರೋಗ್ರಾಮುಗಳ ಯಂತ್ರಮಟ್ಟದ ಹೊಂದಿಕೆಗಳು ಸಾಫ್ಟ್‌ವೇರ್ ಕೀಯೊಳಗೆ ವೌ6432ನೋಡ್ ಎಂಬ ಬೇರೆ ಕೋಣೆಯಲ್ಲಿರುತ್ತವೆ. ಹಳೆಯ ಸಾಫ್ಟ್‌ವೇರುಗಳಲ್ಲಿ ಬಹಳಷ್ಟು 32 ಬಿಟ್‌ನವು, ಅಲ್ಲಿಯೂ ಹುಡುಕು. ರೆಗ್ ಆಜ್ಞೆಯ ಕೊನೆಗೆ ಸ್ಲ್ಯಾಶ್ ರೆಗ್ ಕೋಲನ್ 64 ಅಥವಾ 32 ಎಂದು ಬರೆದರೆ ಯಾವ ಕೋಣೆ ಎಂಬ ಗೊಂದಲ ಉಳಿಯುವುದಿಲ್ಲ.

ಕೆಲಸ ಆಯಿತೋ ಇಲ್ಲವೋ ಎಂಬುದು ಎರರ್‌ಲೆವೆಲ್‌ನಲ್ಲಿ ಸಿಗುತ್ತದೆ, ಸೊನ್ನೆ ಬಂದರೆ ಆಯಿತು, ಒಂದು ಬಂದರೆ ಇಲ್ಲ. ಆದರೆ ಕೀ ಇಲ್ಲದಿದ್ದರೂ ಒಂದೇ, ಅನುಮತಿ ಸಿಗದಿದ್ದರೂ ಒಂದೇ. ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಅಳಿಸುವ ಮೊದಲು ಕ್ವೆರಿ ಮಾಡಿ ನೋಡಿರಬೇಕು, ಬಂದ ಸಂದೇಶವನ್ನು ಲಾಗ್ ಫೈಲಿಗೆ ಬರೆಸಿರಬೇಕು. ಪರದೆ ಚೊಕ್ಕಟವಾಗಿರಲಿ ಎಂದು ಸಂದೇಶಗಳನ್ನೆಲ್ಲ ನಲ್‌ಗೆ ಕಳಿಸುವವರಿದ್ದಾರೆ, ನೀನು ಹಾಗೆ ಮಾಡಬೇಡ. ಅಳಿಸಿದ ಮೇಲೆ ಅದೇ ಪಟ್ಟಿಯ ಮೇಲೆ ಇನ್ನೊಮ್ಮೆ ಕ್ವೆರಿ ಓಡಿಸಿ ಖಾತ್ರಿ ಮಾಡಿಕೋ.

ಎಲ್ಲವನ್ನೂ ಅಳಿಸಲೇಬೇಕು ಎಂದೇನೂ ಇಲ್ಲ. ಮೊದಲು ಆ ಸಾಫ್ಟ್‌ವೇರಿನದೇ ಅನ್‌ಇನ್‌ಸ್ಟಾಲರ್ ಓಡಿಸಲು ಸಾಧ್ಯವೇ ನೋಡು. ಅನ್‌ಇನ್‌ಸ್ಟಾಲ್ ಕೀಯಲ್ಲಿರುವ ನಮೂದನ್ನು ಅಳಿಸಿದರೆ ಪ್ರೋಗ್ರಾಮಿನ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ ಅಷ್ಟೇ, ಪ್ರೋಗ್ರಾಮು ಹೋಗುವುದಿಲ್ಲ. ಸರ್ವೀಸ್ ತೆಗೆಯಲು ಎಸ್‌ಸಿ ಡಿಲೀಟ್ ಎಂಬ ಸರಿಯಾದ ಆಜ್ಞೆಯೇ ಇದೆ, ಸರ್ವೀಸಸ್ ಕೀಗೆ ಕೈಹಾಕಬೇಡ. ತೊಂದರೆ ಕೊಡದ ಹಳೆಯ ನಮೂದು ಅಲ್ಲಿದ್ದರೆ ಇರಲಿ. ಅದನ್ನು ತೆಗೆದರೆ ಯಂತ್ರ ವೇಗವಾಗಿ ಓಡುತ್ತದೆ ಎಂದು ರಿಜಿಸ್ಟ್ರಿ ಕ್ಲೀನರ್ ಮಾರುವವರು ಹೇಳುತ್ತಾರೆ. ಅಂಥ ಉಪಕರಣಗಳ ಬಳಕೆಯನ್ನು ಮೈಕ್ರೋಸಾಫ್ಟ್ ತಾನೇ ಬೆಂಬಲಿಸುವುದಿಲ್ಲ. ಕಚೇರಿಯಲ್ಲಿ ಡೊಮೈನ್ ಇದ್ದರೆ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲಿಯೂ ರಿಜಿಸ್ಟ್ರಿ ನಮೂದು ಅಳಿಸುವ ವ್ಯವಸ್ಥೆಯಿದೆ, ನಿಮ್ಮ ಹಿರಿಯರನ್ನು ಕೇಳು.

ಕೊನೆಯದಾಗಿ ಜನರ ಮಾತು. ಸ್ಕ್ರಿಪ್ಟು ಮೊದಲು ಒಂದು ವರ್ಚುವಲ್ ಯಂತ್ರದಲ್ಲಿ ಓಡಲಿ, ಆಮೇಲೆ ನಿನ್ನ ಕಂಪ್ಯೂಟರಿನಲ್ಲಿ, ಆಮೇಲೆ ಒಪ್ಪಿದ ಒಬ್ಬರ ಮೇಜಿನಲ್ಲಿ. ಅವರು ಒಂದು ಪೂರ್ತಿ ದಿನ ಕೆಲಸ ಮಾಡಿ, ಪ್ರಿಂಟ್ ತೆಗೆದು, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಲಿ. ತೊಂದರೆ ಕಾಣದಿದ್ದರೆ ಆಮೇಲೆ ಉಳಿದವರದು. ಸಂಬಳ ಮಾಡುವ ವಾರದಲ್ಲಿ, ಮಾರ್ಚಿ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಯಾರ ಯಂತ್ರವನ್ನೂ ಮುಟ್ಟಬೇಡ. ಮುಟ್ಟುವ ಹಿಂದಿನ ದಿನ ಅವರಿಗೆ ಹೇಳು. ರಿಜಿಸ್ಟ್ರಿ ಎಂದರೇನು ಎಂದು ತಿಳಿಯದವರ ಕೆಲಸವೂ ಅದರ ಮೇಲೆಯೇ ನಿಂತಿದೆ, ಅವರು ನಿನ್ನನ್ನು ನಂಬಿ ಕುರ್ಚಿ ಬಿಟ್ಟು ಎದ್ದು ಕೊಡುತ್ತಾರೆ. ಬ್ಯಾಚ್ ಫೈಲಿನ ತಲೆಯಲ್ಲಿ ರೆಮ್ ಸಾಲುಗಳಲ್ಲಿ ಏನು, ಯಾಕೆ, ಯಾವ ದಿನ, ಯಾರು ಎಂದು ಬರೆ. ನೀನು ಬೇರೆ ಊರಿಗೆ ಹೋದ ಮೇಲೆ ಅದನ್ನು ತೆರೆಯುವ ಹುಡುಗನಿಗೆ ನಿನ್ನ ಫೋನ್ ನಂಬರ್ ಬೇಕಾಗಬಾರದು.

ಮಗಳೇ, ಈ ಕೆಲಸದಲ್ಲಿ ಬೇಗ ಮುಗಿಸಿದವರನ್ನು ಒಂದು ದಿನ ಹೊಗಳುತ್ತಾರೆ, ಸರಿಯಾಗಿ ಮುಗಿಸಿದವರನ್ನು ಕೊನೆಯವರೆಗೂ ನಂಬುತ್ತಾರೆ. ನೀನು ಎರಡನೆಯವರ ಸಾಲಿಗೆ ಸೇರಬೇಕು. ನೋಡು, ಪ್ರತಿ ತೆಗೆ, ತೋರಿಸಿ ಓದು, ಒಂದು ಯಂತ್ರದಲ್ಲಿ ಅಳಿಸು, ಖಾತ್ರಿ ಮಾಡಿಕೋ, ಆಮೇಲೆ ಎಲ್ಲ ಕಡೆ. ಸ್ಲ್ಯಾಶ್ ಎಫ್ ಹಾಕಿದ ಮೇಲೆ ಯಂತ್ರ ನಿನ್ನನ್ನು ಏನೂ ಕೇಳುವುದಿಲ್ಲ, ಆದ್ದರಿಂದ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಎಂಟರ್ ಒತ್ತುವ ಮೊದಲು ನೀನೇ ಕೇಳಿಕೋ. ಪಟ್ಟಿ ತಯಾರಾದಾಗ ನನಗೂ ಒಂದು ಪ್ರತಿ ಕಳಿಸು, ಇಬ್ಬರೂ ಕೂತು ಓದೋಣ.

ಒಳ್ಳೆಯದಾಗಲಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ